ಗುಂಡಿ ತುಂಬಿದ ಮೇಲೆ: ಡರ್ಬನ್ನಿನ ಒಣ ಶೌಚಾಲಯಗಳ ಪ್ರಕರಣ

2000ನೇ ಇಸವಿಯ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ಕಾಲರಾ ಕಾಣಿಸಿಕೊಂಡಿತು. ಶುರುವಾದದ್ದು ಎಂಪಂಗೇನಿಯ ಸುತ್ತಮುತ್ತ. ಅಲ್ಲಿ ಅದುವರೆಗೆ ಪುಕ್ಕಟೆಯಾಗಿ ಬರುತ್ತಿದ್ದ ಕೊಳಾಯಿ ನೀರಿಗೆ ಸಂಪರ್ಕ ಶುಲ್ಕ ಹಾಕಿದ್ದರು. ಕಟ್ಟಲಾಗದವರು ಹೊಳೆ, ಹೊಂಡದ ನೀರಿಗೆ ಮರಳಿದ್ದರು. ನೋಡನೋಡುತ್ತ ಪ್ರಾಂತ್ಯದಲ್ಲಿ 1 ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗಲಿತು.

ಅದೇ ವರ್ಷದ ಕೊನೆಗೆ ಡರ್ಬನ್ ನಗರದ ಗಡಿ ಹಿಗ್ಗಿ ಎಥೆಕ್ವಿನಿ ಮಹಾನಗರ ಪಾಲಿಕೆ ಹುಟ್ಟಿಕೊಂಡಿತು. ಪಾಲಿಕೆಯ ವಿಸ್ತೀರ್ಣ ಸುಮಾರು ಶೇ 68ರಷ್ಟು ಹೆಚ್ಚಾದರೂ ಜನಸಂಖ್ಯೆ ಹೆಚ್ಚಿದ್ದು ಶೇ 9ರಷ್ಟು ಮಾತ್ರ. ಇಡೀ ಪ್ರಕರಣದ ಬೀಜ ಈ ಎರಡು ಅಂಕಿಗಳಲ್ಲಿದೆ. ಹೊಸದಾಗಿ ಸೇರಿದ್ದು ಗುಡ್ಡಗಾಡು. ಜುಲು ಸಾಂಪ್ರದಾಯಿಕ ಮುಖಂಡರ ಆಡಳಿತಕ್ಕೆ ಸೇರಿದ ಭೂಮಿಯಲ್ಲಿ, ಕಡಿದಾದ ಇಳಿಜಾರುಗಳ ಮೇಲೆ ಚದುರಿಕೊಂಡ ಮನೆಗಳು. ರಸ್ತೆ ಎಂದರೆ ಕಾಲುದಾರಿ. ವರ್ಣಭೇದದ ಆಡಳಿತ ಈ ಊರುಗಳಿಗೆ ನೀರಿನ ಪೈಪಾಗಲಿ ಒಳಚರಂಡಿಯಾಗಲಿ ಒಯ್ದಿರಲಿಲ್ಲ. 1996ರ ಹೊಸ ಸಂವಿಧಾನವೋ ನೀರನ್ನು ಹಕ್ಕೆಂದು ಘೋಷಿಸಿತ್ತು. ಒಂದು ಕಡೆ ಹಕ್ಕು, ಇನ್ನೊಂದು ಕಡೆ ಕಾಲರಾ. ನಡುವೆ ಪಾಲಿಕೆಯ ನೀರು ಮತ್ತು ನೈರ್ಮಲ್ಯ ವಿಭಾಗ. 1992ರಿಂದ ಅದರ ಮುಖ್ಯಸ್ಥರಾಗಿದ್ದವರು ನೀಲ್ ಮೆಕ್ಲಿಯಾಡ್ ಎಂಬ ಎಂಜಿನಿಯರ್.

ಮುಂದೆ ಸುಮಾರು 10 ವರ್ಷಗಳಲ್ಲಿ ಆ ಗುಡ್ಡಗಳ ಮೇಲೆ 80 ಸಾವಿರದಷ್ಟು ಮೂತ್ರ ಬೇರ್ಪಡಿಸುವ ಒಣ ಶೌಚಾಲಯಗಳು ಎದ್ದವು. ಒಂದೇ ಸ್ಥಳೀಯ ಸಂಸ್ಥೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ತಂತ್ರಜ್ಞಾನವನ್ನು ಕೈಗೆತ್ತಿಕೊಂಡ ಉದಾಹರಣೆ ಬಹಳ ಅಪರೂಪ. ಬಡ ದೇಶಗಳಲ್ಲಿ ಶೌಚಾಲಯದ ತಂತ್ರಜ್ಞಾನವನ್ನು ಹೇಗೆ ಅಳೆಯಬೇಕು, ಹೇಗೆ ಜನರ ನಡುವೆ ತರಬೇಕು ಎಂದು ಯೋಚಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇಲ್ಲಿ ಕೆಲಸ ಮಾಡಿದವರು ಅಸಡ್ಡೆಯವರಲ್ಲ, ಲಂಚಕೋರರಲ್ಲ, ತಿಳಿಯದವರಲ್ಲ. ಒಳ್ಳೆಯ ಎಂಜಿನಿಯರುಗಳು ಒಳ್ಳೆಯ ಮನಸ್ಸಿನಿಂದ ಲೆಕ್ಕ ಹಾಕಿ ಮಾಡಿದ ಆಯ್ಕೆ ಇದು. ಆ ಲೆಕ್ಕದಲ್ಲಿ ಒಂದು ಸಾಲು ಮಾತ್ರ ತಪ್ಪಾದ ಖಾತೆಗೆ ಹೋಗಿತ್ತು ಎಂಬುದು ನನ್ನ ಅಭಿಪ್ರಾಯ.

ಮೂರು ದಾರಿಗಳು

ಮೊದಲನೆಯ ದಾರಿ ಒಳಚರಂಡಿ. ಗುಡ್ಡದಿಂದ ಗುಡ್ಡಕ್ಕೆ ಚದುರಿದ ಮನೆಗಳಿಗೆ ಪೈಪು ಎಳೆಯುವ ಖರ್ಚನ್ನು ಯಾವ ಪಾಲಿಕೆಯೂ ಭರಿಸಲಾರದು. ಎಳೆದರೂ ಫ್ಲಶ್ ಮಾಡಲು ನೀರೆಲ್ಲಿ? ಹಾಗಾಗಿ ಪಾಲಿಕೆ ನಕ್ಷೆಯ ಮೇಲೆ ಒಂದು ಗೆರೆ ಎಳೆಯಿತು. ಗೆರೆಯ ಒಳಗೆ ಒಳಚರಂಡಿ, ಹೊರಗೆ ಮನೆಯಂಗಳದಲ್ಲೇ ವಿಲೇವಾರಿ.

ಎರಡನೆಯದು ಗಾಳಿಕೊಳವೆಯ ಗುಂಡಿ ಶೌಚಾಲಯ, ಅಲ್ಲಿನವರ ಬಾಯಲ್ಲಿ ವಿಐಪಿ (ವೆಂಟಿಲೇಟೆಡ್ ಇಂಪ್ರೂವ್ಡ್ ಪಿಟ್). ಇಂದಿನ ಜಿಂಬಾಬ್ವೆಯ ಬ್ಲೇರ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಸರಳ ವಿನ್ಯಾಸ ಇದು. ಗುಂಡಿಯಿಂದ ಮೇಲಕ್ಕೆ ಒಂದು ಕೊಳವೆ, ಅದರ ತುದಿಗೆ ನೊಣ ತಡೆಯುವ ಬಲೆ. ವಾಸನೆ ಮೇಲಕ್ಕೆ ಹೋಗುತ್ತದೆ, ನೊಣ ಬಲೆಯಲ್ಲಿ ಸಿಕ್ಕಿ ಸಾಯುತ್ತದೆ. ದಕ್ಷಿಣ ಆಫ್ರಿಕಾ ಸರ್ಕಾರ ಕನಿಷ್ಠ ನೈರ್ಮಲ್ಯ ಎಂದು ಒಪ್ಪಿದ್ದೂ ಇದನ್ನೇ. ಹೊಸ ಗಡಿಯೊಂದಿಗೆ ಇಂಥ ಸುಮಾರು 35 ಸಾವಿರ ಶೌಚಾಲಯಗಳು ಪಾಲಿಕೆಯ ಪಾಲಿಗೆ ಬಂದವು. ಜೊತೆಗೆ, ತುಂಬಿದ ಗುಂಡಿಯನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಬಂತು.

ಈ ಪ್ರಶ್ನೆಯನ್ನು ಪಾಲಿಕೆ ಎದುರಿಸಿದ ರೀತಿ ಗಮನಿಸಬೇಕಾದದ್ದು. ಹೀರುವ ಟ್ಯಾಂಕರ್ ಆ ಕಾಲುದಾರಿಗಳಲ್ಲಿ ಹೋಗಲಾರದು. ಹೋದ ಕಡೆಯೂ ಪೈಪು ಕಟ್ಟಿಕೊಳ್ಳುತ್ತಿತ್ತು, ಏಕೆಂದರೆ ಕಸದ ವ್ಯವಸ್ಥೆ ಇಲ್ಲದ ಊರಿನಲ್ಲಿ ಗುಂಡಿಯೇ ಕಸದ ತೊಟ್ಟಿ: ಪ್ಲಾಸ್ಟಿಕ್, ಹಳೆ ಬಟ್ಟೆ, ಬಾಟಲಿ, ಗಾಜು. ಕೊನೆಗೆ ಉದ್ದ ಹಿಡಿಕೆಯ ಸಲಿಕೆ, ಕೊಕ್ಕೆ ಹಿಡಿದು ಮನುಷ್ಯರೇ ತೆಗೆಯಬೇಕಾಯಿತು. ತೆಗೆದದ್ದನ್ನು ಕೊಳಚೆ ಶುದ್ಧೀಕರಣ ಘಟಕಕ್ಕೆ ಸುರಿದರೆ ಅದರ ಸಾಂದ್ರತೆಯನ್ನು ಸಣ್ಣ ಘಟಕ ತಾಳುವುದಿಲ್ಲ. ವರ್ಷಗಟ್ಟಲೆ ಶೇಖರವಾದ ಸಾರಜನಕ ಒಮ್ಮೆಗೇ ಬಂದು ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳ ಕೆಲಸವೇ ಕೆಡುತ್ತದೆ. ಹಳೆಯ ಗುಂಡಿಗಳನ್ನು 5 ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಖಾಲಿ ಮಾಡಿಕೊಡುವ ಹೊಣೆಯನ್ನು ಪಾಲಿಕೆ ಹೊತ್ತುಕೊಂಡಿತು. ಆದರೆ ಹೊಸ ಗುಂಡಿಗಳನ್ನು ತೋಡಿ ಇದೇ ಹೊರೆಯನ್ನು ಮತ್ತಷ್ಟು ಬೆಳೆಸಲು ಅದಕ್ಕೆ ಮನಸ್ಸಿರಲಿಲ್ಲ.

ಉಳಿದದ್ದು ಮೂರನೆಯ ದಾರಿ. ನೆಲದ ಮೇಲೆಯೇ ಕಟ್ಟಿದ ಎರಡು ಕೋಣೆಗಳು, ಅವುಗಳ ಮೇಲೆ ಶೌಚಾಲಯ. ಕೂರುವ ಪೀಠದ ಮುಂಭಾಗದಲ್ಲಿ ಸಣ್ಣ ಬೋಗುಣಿ. ಮೂತ್ರ ಅಲ್ಲಿಂದ ಕೊಳವೆ ಹಿಡಿದು ನೆಲದೊಳಗಿನ ಇಂಗುಗುಂಡಿಗೆ ಹೋಗುತ್ತದೆ. ಮಲ ಕೆಳಗಿನ ಕೋಣೆಗೆ ಬೀಳುತ್ತದೆ, ಅದರ ಮೇಲೆ ಒಂದು ಹಿಡಿ ಮರಳೋ ಬೂದಿಯೋ. ಮೊದಲ ಕೋಣೆ ತುಂಬಿದಾಗ ಪೀಠವನ್ನು ಎರಡನೆಯದರ ಮೇಲಕ್ಕೆ ಸರಿಸಬೇಕು. ಎರಡನೆಯದು ತುಂಬುವಷ್ಟರಲ್ಲಿ ಮೊದಲನೆಯದು ಒಣಗಿ ಮಣ್ಣಿನಂತಾಗಿರುತ್ತದೆ. ಹಿಂದಿನ ಮುಚ್ಚಳ ತೆಗೆದು ಮನೆಯವರೇ ಅದನ್ನು ಹೊರಗೆಳೆದು ಅಂಗಳದಲ್ಲಿ ಹೂಳಬೇಕು. ನೀರು ಬೇಡ, ಟ್ಯಾಂಕರ್ ಬೇಡ, ಶುದ್ಧೀಕರಣ ಘಟಕ ಬೇಡ.

ನೆಲ, ನೀರು, ದುಡ್ಡು, ದೂರ ಎಂಬ ನಾಲ್ಕು ಅಳತೆಗಳಲ್ಲಿ ನೋಡಿದರೆ ಇದು ಸರಿಯಾದ ಆಯ್ಕೆ. ಈಗ ಕೂತು ಲೆಕ್ಕ ಹಾಕಿದರೂ ಆ ಗುಡ್ಡಗಳಿಗೆ ನಾನು ಒಳಚರಂಡಿಯನ್ನು ಸೂಚಿಸಲಾರೆ.

ತಂದ ರೀತಿ

2002ರ ಹೊತ್ತಿಗೆ ಕೆಲಸ ಆರಂಭವಾಯಿತು. ಶೌಚಾಲಯ ಒಂಟಿಯಾಗಿ ಬರಲಿಲ್ಲ ಎಂಬುದು ಡರ್ಬನ್ನಿನ ದೊಡ್ಡ ಹೆಚ್ಚುಗಾರಿಕೆ. ಪ್ರತಿ ಮನೆಯ ಅಂಗಳದಲ್ಲಿ ಒಂದು ತೊಟ್ಟಿ ಇಟ್ಟು ತೆಳುವಾದ ಪೈಪಿನ ಮೂಲಕ ದಿನಕ್ಕೊಮ್ಮೆ ಅದನ್ನು ತುಂಬಿಸುತ್ತಿದ್ದರು. ಮೊದಲು ದಿನಕ್ಕೆ 200 ಲೀಟರ್, ಆಮೇಲೆ 300. ಪೂರ್ತಿ ಪುಕ್ಕಟೆ. ಬಡವರಿಗೆ ಒಂದಿಷ್ಟು ನೀರನ್ನು ಪುಕ್ಕಟೆ ಕೊಡುವುದೇ ಬಿಲ್ಲು ಬರೆದು ವಸೂಲಿ ಮಾಡುವುದಕ್ಕಿಂತ ಅಗ್ಗ ಎಂಬುದನ್ನು ಡರ್ಬನ್ ಮೊದಲೇ ಕಂಡುಕೊಂಡಿತ್ತು. ತಿಂಗಳಿಗೆ 6,000 ಲೀಟರ್ ಉಚಿತ ನೀರಿನ ರಾಷ್ಟ್ರೀಯ ನೀತಿಯ ಹಿಂದೆ ಈ ನಗರದ ಅನುಭವವಿದೆ.

ಜೊತೆಗೆ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಮತ್ತೆ ಮತ್ತೆ ಹೋದರು. ಶೌಚಾಲಯ ಬಳಸುವ ಬಗೆ, ಕೈತೊಳೆಯುವ ರೂಢಿ, ಕೋಣೆ ಬದಲಿಸುವ ಕ್ರಮ ಎಲ್ಲವನ್ನೂ ಹೇಳಿಕೊಟ್ಟರು. ನಾಟಕ ಆಡಿಸಿದರು. ಕಟ್ಟುವ ಕೆಲಸಕ್ಕೆ ಊರಿನವರನ್ನೇ ತೆಗೆದುಕೊಂಡರು.

ಫಲವೂ ಬಂತು. ನೀರು, ಶೌಚಾಲಯ, ಆರೋಗ್ಯಪಾಠ ಮೂರೂ ತಲುಪಿದ ಮನೆಗಳನ್ನು ಇನ್ನೂ ತಲುಪದ ಮನೆಗಳೊಂದಿಗೆ ಹೋಲಿಸಿದ ಅಧ್ಯಯನವೊಂದು ಅತಿಸಾರ ಸುಮಾರು ಶೇ 41ರಷ್ಟು ಕಡಿಮೆ ಎಂದು ಕಂಡಿತು. ಚಿಕ್ಕ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗಿತ್ತು. 2014ರಲ್ಲಿ ಪಾಲಿಕೆಯ ನೀರು ವಿಭಾಗಕ್ಕೆ ಸ್ಟಾಕ್‌ಹೋಮ್ ಇಂಡಸ್ಟ್ರಿ ವಾಟರ್ ಅವಾರ್ಡ್ ಸಿಕ್ಕಿತು. ಅರ್ಹತೆಗೆ ಸಂದ ಪ್ರಶಸ್ತಿ.

ಬಳಸಿದವರು ಹೇಳಿದ್ದು

ಪ್ರಶಸ್ತಿಗಿಂತ ನಾನು ಹೆಚ್ಚು ಮೆಚ್ಚುವುದು ಇನ್ನೊಂದನ್ನು. ಈ ಪಾಲಿಕೆ ತನ್ನ ಕೆಲಸವನ್ನು ತಾನೇ ಅಳೆಸಿಕೊಂಡಿತು, ಬಂದ ಕಹಿ ಉತ್ತರವನ್ನು ಬಚ್ಚಿಡಲಿಲ್ಲ. ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕ್ರಿಸ್ ಬಕ್ಲಿ ಮತ್ತು ಅವರ ತಂಡ ವರ್ಷಾನುಗಟ್ಟಲೆ ಈ ಶೌಚಾಲಯಗಳ ಬೆನ್ನುಬಿದ್ದಿತ್ತು. 17 ಸಾವಿರಕ್ಕೂ ಹೆಚ್ಚು ಮನೆಗಳನ್ನು ಮಾತಾಡಿಸಿದ ಸಮೀಕ್ಷೆಯೊಂದು 2013ರಲ್ಲಿ ಪ್ರಕಟವಾಯಿತು. ಬಳಕೆದಾರರಲ್ಲಿ ತೃಪ್ತಿ ಕಡಿಮೆ ಎಂಬುದು ಅದರ ಸಾರಾಂಶ.

ವಾಸನೆಯ ದೂರು ಇದ್ದ ಮನೆಗಳಲ್ಲಿ ಪೀಠ ಕೆಟ್ಟಿರುವುದೂ ಕಂಡುಬಂತು. ಇವೆರಡರ ನಂಟು ಸುಲಭವಾಗಿ ಅರ್ಥವಾಗುತ್ತದೆ. ಬೋಗುಣಿಯ ಕೊಳವೆಗೆ ಮರಳು, ಬೂದಿ ಸೇರಿ ಕಟ್ಟಿಕೊಂಡರೆ ಮೂತ್ರ ಮಲದ ಕೋಣೆಗೆ ಹರಿಯುತ್ತದೆ. ಒಣಗಬೇಕಾದದ್ದು ಕೆಸರಾಗುತ್ತದೆ, ನಾರುತ್ತದೆ, ನೊಣ ಕೂರುತ್ತದೆ. ಒಣ ಶೌಚಾಲಯದ ಇಡೀ ವಿಜ್ಞಾನ ಆ ಸಣ್ಣ ಕೊಳವೆಯ ಮೇಲೆ ನಿಂತಿದೆ. ಅದನ್ನು ಬಿಡಿಸಿ ಸರಿಮಾಡುವ ಮೇಸ್ತ್ರಿಯಾಗಲಿ, ಬದಲಿ ಪೀಠ ಸಿಗುವ ಅಂಗಡಿಯಾಗಲಿ ಊರಿನಲ್ಲಿರಲಿಲ್ಲ.

ಇನ್ನೊಂದು ಮಾತು ಸಮೀಕ್ಷೆಗಳಲ್ಲಿ, ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬಂತು: ನಮಗೆ ಫ್ಲಶ್ ಬೇಕು. ಇದನ್ನು ಅಜ್ಞಾನ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವರ್ಣಭೇದದ ಕಾಲದಲ್ಲಿ ಬಿಳಿಯರ ಮನೆಗೆ ಫ್ಲಶ್, ಕರಿಯರ ಬಡಾವಣೆಗೆ ಬಕೆಟ್. ಆ ಬಕೆಟ್ಟುಗಳನ್ನು ರಾತ್ರಿ ಹೊತ್ತೊಯ್ಯುತ್ತಿದ್ದವರೂ ಕರಿಯರೇ. ಸ್ವಾತಂತ್ರ್ಯ ಬಂದ ಮೇಲೆ ಅದೇ ನಗರದ ಬಂಗಲೆಗಳಲ್ಲಿ ಫ್ಲಶ್ ಉಳಿದು ಗುಡ್ಡದವರಿಗೆ ಮರಳು, ಸಲಿಕೆ ಬಂದರೆ, ಎಂಜಿನಿಯರ್ ಎಷ್ಟೇ ವೈಜ್ಞಾನಿಕವಾಗಿ ವಿವರಿಸಿದರೂ ಅಲ್ಲಿನ ಹಿರಿಯರ ಕಿವಿಗೆ ಹಳೆಯ ಮಾತೇ ಕೇಳಿಸುತ್ತದೆ. ಕೇಪ್‌ಟೌನಿನ ಮಖಾಜಾದಲ್ಲಿ ಗೋಡೆಯಿಲ್ಲದೆ ಬಯಲಲ್ಲಿ ನಿಲ್ಲಿಸಿದ್ದ ಶೌಚಾಲಯಗಳು ಮನುಷ್ಯರ ಘನತೆಗೆ ಧಕ್ಕೆ ಎಂದು ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು. ಆ ದೇಶದಲ್ಲಿ ಶೌಚಾಲಯ ಎಂದರೆ ಪೌರತ್ವದ ಪ್ರಶ್ನೆ.

ಆದರೂ ಅತಿ ದೊಡ್ಡ ತೊಡಕು ಮುಚ್ಚಳ ತೆಗೆಯುವ ದಿನದ್ದು. ಹಲವರು ತೆಗೆಯಲು ಒಪ್ಪಲಿಲ್ಲ. ಅಸಹ್ಯ, ಭಯ, ನೆರೆಯವರೆದುರು ನಾಚಿಕೆ. ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳಷ್ಟೇ ಇದ್ದರೆ ಅಗೆಯುವವರು ಯಾರು? ಕೆಲವರು ಯಾರಿಗೋ ಹಣ ಕೊಟ್ಟು ತೆಗೆಸಿದರು. ಕೆಲವರು ಶೌಚಾಲಯಕ್ಕೆ ಬೀಗ ಹಾಕಿ ಸಾಮಾನು ತುಂಬಿಟ್ಟರು. ಇನ್ನು ಕೆಲವರು ಪಕ್ಕದಲ್ಲೇ ಹಳೆಯ ರೀತಿಯ ಗುಂಡಿ ತೋಡಿಕೊಂಡರು.

ಅವರ ಭಯಕ್ಕೆ ಆಧಾರವೂ ಇತ್ತು. ಮಲದೊಂದಿಗೆ ಹೊರಬರುವ ದುಂಡುಹುಳುವಿನ (ಕರುಳಿನ ಜಂತುಹುಳು) ಮೊಟ್ಟೆ ಬಲು ಗಟ್ಟಿ ಜೀವ. 20ರಿಂದ 35 ಡಿಗ್ರಿ ಉಷ್ಣತೆಯಲ್ಲಿ, ಹೊಸ ಮಲ ಸೇರದಂತೆ, ಮಲವನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ ಹೇಳುತ್ತದೆ. ಡರ್ಬನ್ನಿನ ಕೋಣೆಗಳನ್ನು ಪರೀಕ್ಷಿಸಿದಾಗ ತಿಂಗಳುಗಟ್ಟಲೆ ಮುಚ್ಚಿಟ್ಟ ಮಲದಲ್ಲೂ ಜೀವಂತ ಮೊಟ್ಟೆಗಳು ಸಿಕ್ಕವು. ಮಣ್ಣಿನಂತೆ ಕಂಡದ್ದು ಮಣ್ಣಾಗಿರಲಿಲ್ಲ. ಕೈಗವಸು, ಬೂಟು ಇಲ್ಲದೆ ಅದನ್ನು ಎಳೆದ ಮನೆಯೊಡತಿ ಮತ್ತೆ ರೋಗದ ಬಾಯಿಗೇ ಕೈಯಿಟ್ಟಂತೆ.

ಲೆಕ್ಕದ ಆ ಸಾಲು

2011ರಿಂದ 2013ರವರೆಗೆ ಐರೋಪ್ಯ ಒಕ್ಕೂಟದ ನೆರವಿನಿಂದ ಘಾನಾ, ಉಗಾಂಡಾ, ಬುರ್ಕಿನಾ ಫಾಸೊ ದೇಶಗಳಲ್ಲಿ ವಾಶ್‌ಟೆಕ್ ಎಂಬ ಯೋಜನೆ ನಡೆಯಿತು. ನೀರು ಮತ್ತು ನೈರ್ಮಲ್ಯದ ಹೊಸ ತಂತ್ರಜ್ಞಾನವೊಂದು ಒಂದು ಊರಿಗೆ ಒಗ್ಗುತ್ತದೆಯೇ ಎಂದು ಅಳೆಯಲು ಅಲ್ಲಿ ಒಂದು ಚೌಕಟ್ಟು ರೂಪಿಸಿದರು. ಸಮಾಜ, ಹಣ, ಪರಿಸರ, ಸಂಸ್ಥೆ ಮತ್ತು ಕಾನೂನು, ಕೌಶಲ್ಯ, ತಂತ್ರ ಎಂಬ ಆರು ಆಯಾಮಗಳು. ಪ್ರತಿಯೊಂದನ್ನೂ ಮೂವರ ಕಣ್ಣಿನಿಂದ ನೋಡಬೇಕು: ಬಳಸುವವರು, ತಯಾರಿಸಿ ಒದಗಿಸುವವರು, ನಿಯಂತ್ರಿಸುವ ಅಥವಾ ಹಣ ಹೂಡುವವರು. ಒಟ್ಟು 18 ಚೌಕಗಳು, ಉತ್ತರಕ್ಕೆ ತಕ್ಕಂತೆ ಪ್ರತಿ ಚೌಕಕ್ಕೆ ಟ್ರಾಫಿಕ್ ದೀಪದ ಬಣ್ಣ.

ಡರ್ಬನ್ ಆಯ್ಕೆ ಮಾಡಿಕೊಂಡಾಗ ಈ ಚೌಕಟ್ಟು ಹುಟ್ಟಿರಲಿಲ್ಲ. ಈಗ ಅದರೊಳಗಿಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಹಣ ಹೂಡುವವರ ಸಾಲು ಬಹುಪಾಲು ಹಸಿರು: ಪಾಲಿಕೆಗೆ ದುಡ್ಡಿತ್ತು, ಕಾನೂನಿನ ಬೆಂಬಲವಿತ್ತು, ಧೈರ್ಯವೂ ಇತ್ತು. ಒದಗಿಸುವವರ ಸಾಲು ಹಳದಿ: ಗುತ್ತಿಗೆದಾರ ಕಟ್ಟಿಕೊಟ್ಟು ಹೋದ, ಬಿಡಿಭಾಗದ ಅಂಗಡಿ ಬರಲಿಲ್ಲ. ಬಳಸುವವರ ಸಾಲಿನಲ್ಲಿ ಸಮಾಜದ ಚೌಕವೂ ಕೌಶಲ್ಯದ ಚೌಕವೂ ಕೆಂಪು. ಆದರೆ ಹಣದ ಚೌಕ ಹಸಿರಾಗಿಯೇ ಕಾಣುತ್ತದೆ, ಏಕೆಂದರೆ ಎಲ್ಲ ಪುಕ್ಕಟೆ. ನನ್ನ ತಕರಾರು ಈ ಹಸಿರಿನ ಬಗ್ಗೆಯೇ. ಕೋಣೆ ಖಾಲಿ ಮಾಡುವ ಕೂಲಿಗೆ ಲೆಕ್ಕದಲ್ಲಿ ಸೊನ್ನೆ ಬರೆಯಲಾಗಿತ್ತು. ಅದು ಸೊನ್ನೆಯಾಗಿರಲಿಲ್ಲ, ಪಾಲಿಕೆಯ ಖಾತೆಯಿಂದ ಆ ಅಜ್ಜಿಯ ಖಾತೆಗೆ ವರ್ಗವಾಗಿತ್ತು, ಅಷ್ಟೇ. ಹಳೆಯ ಗುಂಡಿಗಳಿಗೆ ಇದೇ ಕೂಲಿಯನ್ನು ಪಾಲಿಕೆ ತಾನೇ ಭರಿಸುತ್ತಿತ್ತು ಎಂಬುದನ್ನು ನೆನೆದರೆ ತಾರತಮ್ಯ ಇನ್ನೂ ಎದ್ದು ಕಾಣುತ್ತದೆ.

ಮಲಮೂತ್ರದ ಪಾತ್ರೆ ಯಾರು ಎತ್ತಬೇಕು ಎಂಬ ಜಗಳ ಈ ನಗರಕ್ಕೆ ಹೊಸದಲ್ಲ. 1898ರಲ್ಲಿ ಇದೇ ಡರ್ಬನ್ನಿನ ಮನೆಯಲ್ಲಿ, ಅತಿಥಿಯಾಗಿದ್ದ ಗುಮಾಸ್ತನೊಬ್ಬನ ಮೂತ್ರದ ಪಾತ್ರೆ ಎತ್ತುವ ವಿಷಯಕ್ಕೆ ಗಾಂಧಿ ಮತ್ತು ಕಸ್ತೂರಬಾ ನಡುವೆ ನಡೆದ ಜಗಳವನ್ನು ನಾವೆಲ್ಲ ಓದಿದ್ದೇವೆ. ಅಳುತ್ತ ಎತ್ತಿದ ಕಸ್ತೂರಬಾ ಮೇಲೆ ಗಾಂಧಿ ಸಿಟ್ಟಾದರು, ನಗುತ್ತ ಎತ್ತಬೇಕಿತ್ತೆಂದು. ಆ ಸಿಟ್ಟಿಗೆ ಆಮೇಲೆ ನಾಚಿದರು. ಆದರ್ಶದ ಭಾರವನ್ನು ಮನೆಯ ಹೆಂಗಸಿನ ಕೈಗೆ ಕೊಟ್ಟು ಅವಳ ಮುಖದಲ್ಲಿ ನಗು ಹುಡುಕುವ ಈ ತಪ್ಪನ್ನು ಪರಿಸರಸ್ನೇಹಿ ಶೌಚಾಲಯದ ಯೋಜನೆಗಳು ಇಂದಿಗೂ ಮಾಡುತ್ತಿವೆ.

ಮೂತ್ರದಿಂದ ಗೊಬ್ಬರ ಮಾಡುವ ಪ್ರಯತ್ನವೂ ನಡೆಯಿತು. ದೇಹದಿಂದ ಹೊರಬರುವ ಸಾರಜನಕದ ಬಹುಪಾಲು ಇರುವುದು ಮೂತ್ರದಲ್ಲಿ. ಅದನ್ನು ಇಂಗುಗುಂಡಿಗೆ ಬಿಡುವುದು ನಷ್ಟವೇ. 2010ರಲ್ಲಿ ಶುರುವಾದ ವುನಾ ಯೋಜನೆಯಲ್ಲಿ ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆ, ವಿಶ್ವವಿದ್ಯಾಲಯ ಮತ್ತು ಪಾಲಿಕೆ ಸೇರಿ, ಗೇಟ್ಸ್ ಪ್ರತಿಷ್ಠಾನದ ಹಣದಲ್ಲಿ, ಮನೆಗಳಿಂದ ಮೂತ್ರ ಸಂಗ್ರಹಿಸಿ ಗೊಬ್ಬರ ಮಾಡಿ ನೋಡಿದವು. ರಸಾಯನಶಾಸ್ತ್ರ ಗೆದ್ದಿತು. ಆ ಸಂಶೋಧನೆಯಿಂದ ಬಂದ ಔರಿನ್ ಎಂಬ ದ್ರವ ಗೊಬ್ಬರಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಪರವಾನಗಿಯೂ ಸಿಕ್ಕಿತು. ಗುಡ್ಡ ಹತ್ತಿ ಕ್ಯಾನು ಹೊತ್ತು ತರುವ ಖರ್ಚು ಮಾತ್ರ ಗೊಬ್ಬರದ ಬೆಲೆಗೆ ಹೊಂದಲಿಲ್ಲ.

ಪಾಲಿಕೆ ಹೆಜ್ಜೆ ಹಿಂದಿಟ್ಟಾಗ

ಕೊನೆಗೆ ಪಾಲಿಕೆಯೇ ಕೋಣೆಗಳನ್ನು ಖಾಲಿ ಮಾಡಿಸುವ ಹೊಣೆ ವಹಿಸಿಕೊಂಡಿತು. ಹೀಗೆ ತೆಗೆದ ಮಲಕ್ಕೆ ಒಂದು ದಾರಿ ಬೇಕಲ್ಲ? ನಗರದ ದಕ್ಷಿಣದ ಇಸಿಪಿಂಗೊದಲ್ಲಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುಗಳಿಗೆ ಅದನ್ನು ತಿನ್ನಿಸುವ ಘಟಕ ಎದ್ದಿತು. ಮರಿಹುಳು ಮಲವನ್ನು ತಿಂದು ಅದರ ಗಾತ್ರ ಕುಗ್ಗಿಸುತ್ತದೆ. ಹುಳುವಿನಿಂದ ಎಣ್ಣೆ ತೆಗೆಯಬಹುದು. ಹಳೆಯ ಗುಂಡಿಗಳ ಹೂಳಿಗೆ ಲಡೆಪಾ ಎಂಬ ಯಂತ್ರವನ್ನು ಡರ್ಬನ್ನಿನಲ್ಲೇ ರೂಪಿಸಿದ್ದರು. ಅದು ಹೂಳನ್ನು ಕಸದಿಂದ ಬೇರ್ಪಡಿಸಿ, ಶಾಖದಿಂದ ಒಣಗಿಸಿ, ರೋಗಾಣು ಕೊಂದು ಗುಳಿಗೆ ಮಾಡುತ್ತದೆ.

ಇದನ್ನು ಸೋಲು ಎನ್ನುವವರ ಜೊತೆ ನಾನಿಲ್ಲ. ಮನೆಯವರ ಮೇಲೆ ಹೊರಿಸಿದ್ದ ಕೆಲಸವನ್ನು ಸಂಬಳ, ಸಲಕರಣೆ, ಮೇಲ್ವಿಚಾರಣೆ ಇರುವ ಸಾರ್ವಜನಿಕ ಸೇವೆಯಾಗಿ ಬದಲಿಸಿದ್ದು ಈ ಪ್ರಕರಣದ ಅತಿ ಮುಖ್ಯ ಸುಧಾರಣೆ. ಒಣಗಿದ, ನೆಲದ ಮೇಲಿನ, ಹಿಂದಿನಿಂದ ತೆರೆಯುವ ಕೋಣೆಯನ್ನು ಖಾಲಿ ಮಾಡುವುದು ಆಳದ ಕೆಸರುಗುಂಡಿಗಿಂತ ಎಷ್ಟೋ ಸುಲಭ. ಅಂದರೆ ವಿನ್ಯಾಸ ಸೇವೆಗೆ ಒಗ್ಗುವಂಥದ್ದೇ ಆಗಿತ್ತು. ಸೇವೆ ಮೊದಲ ದಿನದಿಂದಲೇ ಇದ್ದಿದ್ದರೆ ಸಮೀಕ್ಷೆಯ ಉತ್ತರಗಳು ಬೇರೆಯಾಗಿರುತ್ತಿದ್ದವು ಎಂದು ನನಗನ್ನಿಸುತ್ತದೆ.

ಒಳಚರಂಡಿಯೇ ಅಂತಿಮ ಉತ್ತರ ಎನ್ನುವವರಿಗೆ 2022ರ ಏಪ್ರಿಲ್ ನೆನಪಿರಬೇಕು. ಭಾರಿ ಮಳೆಗೆ ಡರ್ಬನ್ ಮತ್ತು ಸುತ್ತಮುತ್ತ 400ಕ್ಕೂ ಹೆಚ್ಚು ಜನ ಸತ್ತರು. ಪಂಪಿಂಗ್ ಸ್ಟೇಷನ್‌ಗಳು, ಶುದ್ಧೀಕರಣ ಘಟಕಗಳು ಹಾಳಾಗಿ ಕೊಳಚೆ ನದಿಗಳ ಮೂಲಕ ಸಮುದ್ರ ಸೇರಿತು, ಕಡಲತೀರಗಳನ್ನು ಮುಚ್ಚಬೇಕಾಯಿತು.

ನಮ್ಮ ಎರಡು ಗುಂಡಿಗಳು

ಒಣ ಶೌಚಾಲಯ ಕರ್ನಾಟಕಕ್ಕೂ ಬಂದಿತ್ತು. ಬೇರ್ಪಡಿಸಿದ ಮೂತ್ರವನ್ನು ಬಾಳೆಗೆ ಹಾಕಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದಾರೆ. ಆದರೆ ನೀರಿನಿಂದ ತೊಳೆದುಕೊಳ್ಳುವ ನಮ್ಮಲ್ಲಿ ಆ ನೀರಿಗೆ ಮೂರನೆಯದೊಂದು ದಾರಿ ಬೇಕು. ವ್ಯಾಪಕವಾಗಿ ಹರಡಲು ಅದು ಒಂದು ಅಡ್ಡಿಯಾಯಿತು. ನಮ್ಮ ಹಳ್ಳಿಗಳಿಗೆ 2014ರ ನಂತರ ಸ್ವಚ್ಛ ಭಾರತ ಯೋಜನೆಯಲ್ಲಿ ಬಂದದ್ದು ನೀರು ಸುರಿಯುವ ಎರಡು ಗುಂಡಿಗಳ ಶೌಚಾಲಯ. ತತ್ವ ಡರ್ಬನ್ನಿನದೇ: ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಮುಚ್ಚಿಟ್ಟು, ಗೊಬ್ಬರವಾದ ಮೇಲೆ ಮನೆಯವರೇ ತೆಗೆಯಿರಿ.

ಜಾತಿ ಇರುವ ಊರಿನಲ್ಲಿ ಈ ಕೊನೆಯ ವಾಕ್ಯದ ತೂಕ ಡರ್ಬನ್ನಿಗಿಂತ ಹೆಚ್ಚು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗಲೇ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ನಮ್ಮದು. ಅದೇ ರಾಜ್ಯದ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಪುರಸಭೆಯೆದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಮಲ ಹೊರುವ ವೃತ್ತಿಯನ್ನು ನಿಷೇಧಿಸುವ ದೇಶದ ಕಾನೂನು 2013ರಲ್ಲಿ ಇನ್ನಷ್ಟು ಬಿಗಿಯಾಯಿತು. ಹೀಗಿರುವಾಗ ಮನೆಯವರು ತೆಗೆಯದಿದ್ದರೆ ಯಾರನ್ನು ಕರೆಯುತ್ತಾರೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಹನ್ನೆರಡು ಸಾವಿರ ರೂಪಾಯಿಯ, ಪರಿಶಿಷ್ಟರಿಗೆ ಹದಿನೈದು ಸಾವಿರದ ಪ್ರೋತ್ಸಾಹಧನದ ಪಟ್ಟಿಯಲ್ಲಿ ಇಟ್ಟಿಗೆ, ಸಿಮೆಂಟು, ಪ್ಯಾನು, ಬಾಗಿಲು ಎಲ್ಲ ಇದ್ದವು. ಗುಂಡಿ ತೆರೆಯುವ ವರ್ಷದ ಖರ್ಚು ಇರಲಿಲ್ಲ. ಎರಡೂ ಗುಂಡಿಗೆ ಒಟ್ಟಿಗೇ ನೀರು ಹರಿಯುವಂತೆ ಕಟ್ಟಿದ, ಅಥವಾ ಒಂದೇ ಆಳದ ಗುಂಡಿ ತೋಡಿದ ಶೌಚಾಲಯಗಳೂ ಊರೂರಲ್ಲಿವೆ. ಅವು ತುಂಬಿದಾಗ ಒಳಗಿರುವುದು ಗೊಬ್ಬರವಲ್ಲ, ಹಸಿ ಮಲ. ಮಾದರಿ ಇಲ್ಲವೆಂದೇನಿಲ್ಲ: ಒಳಚರಂಡಿ ಇಲ್ಲದ ದೇವನಹಳ್ಳಿಯಲ್ಲಿ ಟ್ಯಾಂಕರ್ ತರುವ ಮಲವನ್ನು ಶುದ್ಧೀಕರಿಸುವ ಘಟಕ 2015ರಿಂದ ಇದೆ. ಹತ್ತಾರು ಗ್ರಾಮ ಪಂಚಾಯಿತಿಗಳು ಸೇರಿ ಅಂಥದ್ದೊಂದನ್ನು ಹಂಚಿಕೊಂಡರೆ, ಹೀರುವ ವಾಹನವೊಂದನ್ನು ಇಟ್ಟುಕೊಂಡರೆ, ಅದರ ಚಾಲಕನಿಗೂ ಸಹಾಯಕನಿಗೂ ಕೈಗವಸು, ಬೂಟು, ವಿಮೆ, ತಿಂಗಳ ಸಂಬಳ ಕೊಟ್ಟರೆ ಮುಂದಿನ 10 ವರ್ಷಕ್ಕೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಬಾಕಿಯಿದೆ. 2014ರಿಂದ 2019ರ ನಡುವೆ ಕಟ್ಟಿದ ಶೌಚಾಲಯಗಳ ಮೊದಲ ಗುಂಡಿಗಳು ತುಂಬುವ ಕಾಲ ಇದು.